ಬೇಸಿಗೆಯ ರಜೆ, ಚೌಕಾಬಾರದ ಮನೆಗಳು

ಬೇಸಿಗೆಯ ರಜೆ ಮಕ್ಕಳ ಪಾಲಿಗೆ ಹಬ್ಬ. ಹಿರಿಯರ ಪಾಲಿಗೆ ಪರೀಕ್ಷೆ. ಏಪ್ರಿಲ್ ನಡುವಿನಿಂದ ಮೇ ತಿಂಗಳ ಕೊನೆಯವರೆಗೆ, ಹೆಚ್ಚುಕಡಮೆ ನಲವತ್ತು ದಿನಗಳ ಕಾಲ, ಮಕ್ಕಳು ಮನೆಯಲ್ಲಿಯೇ ಇರುತ್ತಾರೆ. ಬಿಸಿಲೇರಿದ ಮೇಲೆ ಸಂಜೆಯ ತಂಪು ಇಳಿಯುವ ತನಕ ಅವರನ್ನು ಒಳಗೆ ಹಿಡಿದಿಡುವುದು ಹೇಗೆ? ಕೈಗೆ ಮೊಬೈಲು ಕೊಟ್ಟು ಸುಮ್ಮನಿರಿಸುವುದು ಸುಲಭ. ಆ ಮಧ್ಯಾಹ್ನಗಳನ್ನು ಓದಿಗೆ ಒಲಿಸಿಕೊಳ್ಳುವುದು, ಅದರಲ್ಲಿಯೂ ಮಕ್ಕಳು ತಾವಾಗಿಯೇ ಬಯಸಿ ಬರುವಂತೆ ಮಾಡುವುದು ಸಾಧ್ಯವೆ ಎಂಬ ಪ್ರಶ್ನೆಯನ್ನು ಈ ಹೊತ್ತು ನಿಮ್ಮ ಮುಂದಿಡುತ್ತಿದ್ದೇನೆ.

ಓದಿಗೆ ಪಂಥ ಕಟ್ಟುವುದು ಹೊಸದೇನಲ್ಲ. ಬ್ರಿಟನ್ನಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ 1999ರಿಂದ ಇಂಥದೊಂದು ಬೇಸಿಗೆಯ ಪಂಥ ನಡೆದುಬಂದಿದೆ. ರಜೆಯಲ್ಲಿ ಆರು ಪುಸ್ತಕಗಳನ್ನು ಓದುವುದು ಅದರ ಮೂಲ ಕಲ್ಪನೆ. ಇದನ್ನು ತಿಳಿದು ನಾನೂ ಒಂದು ಬೇಸಿಗೆಯಲ್ಲಿ, ರಜೆಗೆಂದು ಬಂದಿದ್ದ ಒಂಬತ್ತು ವರ್ಷದ ಮೊಮ್ಮಗನಿಗೆ ಪಂಥವೊಡ್ಡಿದೆ. ಕನ್ನಡ ಪುಸ್ತಕವೊಂದನ್ನು ಓದಿದರೆ ಹತ್ತು ರೂಪಾಯಿ! ಒಂದೇ ವಾರದಲ್ಲಿ ಏಳು ಪುಸ್ತಕಗಳು ಮುಗಿದುವು. ನಾನು ಹಿಗ್ಗಿದೆ. ಎಂಟನೆಯ ದಿನ, ಓದಿದ ಕಥೆಯನ್ನು ಹೇಳು ಎಂದಾಗ ಅವನು ಹೇಳಿದ್ದು ಚಿತ್ರಗಳನ್ನು ನೋಡಿ ಕಟ್ಟಿಕೊಂಡ ಬೇರೊಂದು ಕಥೆ. ಗದರಿಬಿಟ್ಟೆ. ಅವನು ತಲೆ ತಗ್ಗಿಸಿ, “ತಾತ, ನಂಗೆ ಒತ್ತಕ್ಷರ ಓದೋಕೆ ಬರಲ್ಲ” ಎಂದ.

ಬದುಕೆಲ್ಲ ಕನ್ನಡ ಕಲಿಸಿದವನ ಮನೆಯಲ್ಲಿ ಕೇಳಿಬಂದ ಮಾತು ಇದು. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತನಾಡುವ ಹುಡುಗ ಶಾಲೆಯಲ್ಲಿ ಓದುವುದೆಲ್ಲ ಇಂಗ್ಲಿಷಿನಲ್ಲಿ. ಆಡುವ ನುಡಿಗೂ ಓದುವ ನುಡಿಗೂ ನಡುವೆ ಅವನಲ್ಲಿ ಒಂದು ಕಂದರ ಬಿದ್ದಿತ್ತು. ಅದನ್ನು ಮುಚ್ಚಬೇಕಾಗಿದ್ದ ನಾನು ಅದರ ಮೇಲೆ ಹತ್ತು ರೂಪಾಯಿಯ ನೋಟನ್ನು ಹಾಸಿದ್ದೆ.

ಕೂಲಿಯ ಓದು ಏಕೆ ನಿಲ್ಲುವುದಿಲ್ಲವೆಂಬುದಕ್ಕೆ ಮನಶ್ಶಾಸ್ತ್ರದಲ್ಲಿಯೂ ಆಧಾರವಿದೆ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬವರು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾದದ್ದು. ಚಿತ್ರ ಬರೆಯುವುದರಲ್ಲಿ ಮೊದಲೇ ಆಸಕ್ತಿಯಿದ್ದ ಮಕ್ಕಳನ್ನು ಆರಿಸಿಕೊಂಡು, ಕೆಲವರಿಗೆ ಮಾತ್ರ, ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮುಂಚಿತವಾಗಿ ಹೇಳಿದರು. ಕೆಲವು ದಿನಗಳ ಬಳಿಕ ನೋಡಿದರೆ, ಆ ಆಸೆಯಿಂದ ಬರೆದಿದ್ದವರು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಆಟವಾಗಿದ್ದುದು ದುಡಿಮೆಯಾದಾಗ ಸಂತೋಷ ಹಿಂದೆ ಸರಿಯುತ್ತದೆ.

ಆದ್ದರಿಂದ ಮರುವರ್ಷ ನಾನು ಹಣದ ಚೀಲವನ್ನು ಕಟ್ಟಿಟ್ಟು, ಅಟ್ಟದಿಂದ ಕವಡೆಗಳನ್ನು ಇಳಿಸಿದೆ. ಚೌಕಾಬಾರ ನಮ್ಮ ನಾಡಿನವರಿಗೆಲ್ಲ ಪರಿಚಿತವಾದ ಆಟ. ಐದೈದರ ಇಪ್ಪತ್ತೈದು ಮನೆಗಳು: ಹೊರಸುತ್ತಿನಲ್ಲಿ ಹದಿನಾರು, ಒಳಸುತ್ತಿನಲ್ಲಿ ಎಂಟು, ನಡುವೆ ಒಂದು. ದೊಡ್ಡ ರಟ್ಟಿನ ಮೇಲೆ ಇದನ್ನು ಬರೆದು, ಮನೆಮನೆಗೂ ಒಂದೊಂದು ಓದನ್ನು ಹಂಚಿದೆವು. ಕವಡೆ ಹಾಕಿ, ಕಾಯಿ ನಿಂತ ಮನೆಯ ಓದನ್ನು ಮುಗಿಸಿದವರಿಗೆ ಮತ್ತೊಮ್ಮೆ ಕವಡೆ ಹಾಕುವ ಹಕ್ಕು.

ಹೊರಸುತ್ತಿನವು ಕಿರಿಯ ಓದುಗಳು: ಒಂದು ಶಿಶುಗೀತೆ, ಐದು ಒಗಟು, ಪತ್ರಿಕೆಯ ಒಂದು ಸುದ್ದಿ, ನಮ್ಮ ಬೀದಿಯ ಅಂಗಡಿಗಳ ಹಲಗೆಗಳು, ಅಜ್ಜಿಗೆ ಬಂದ ಹಳೆಯ ಕಾಗದ, ಪಾನಕ ಮಾಡುವ ಕ್ರಮ. ಕೊನೆಯದನ್ನು ಓದಿದರೆ ಸಾಲದು, ಮಾಡಿ ಎಲ್ಲರಿಗೂ ಕುಡಿಸಬೇಕು. ಕತ್ತರಿ ಗುರುತಿನ ನಾಲ್ಕು ಮನೆಗಳು ವಿಶ್ರಾಂತಿಯ ತಾಣಗಳು. ಅಲ್ಲಿ ಮಗು ಓದುವುದಿಲ್ಲ, ಹಿರಿಯರು ಓದಿ ಹೇಳುತ್ತಾರೆ. ಮೂಲ ಆಟದಲ್ಲಿ ಎದುರಾಳಿಯ ಕಾಯನ್ನು ಕಡಿದವನಿಗಷ್ಟೇ ಒಳಸುತ್ತಿಗೆ ಪ್ರವೇಶ. ನಮ್ಮಲ್ಲಿ ಕಡಿಯುವುದಿಲ್ಲ, ಇನ್ನೊಬ್ಬರಿಗೆ ಒಂದು ಕಥೆಯನ್ನು ಗಟ್ಟಿಯಾಗಿ ಓದಿ ಹೇಳಿದವರು ಒಳಗೆ ಹೋಗಬಹುದು. ಒಳಸುತ್ತಿನಲ್ಲಿ ಮನೆಗೊಂದು ಇಡೀ ಪುಸ್ತಕ, ಅದೂ ಮಗುವೇ ಆರಿಸಿದ್ದು. ಹತ್ತು ಪುಟ ಓದಿಯೂ ರುಚಿಸದಿದ್ದರೆ ಬಿಟ್ಟು ಬೇರೆಯದನ್ನು ಹಿಡಿಯಬಹುದು. ನಡುಮನೆ ತಲುಪಿದವರು ಬೆಳದಿಂಗಳ ರಾತ್ರಿ ತಾರಸಿಯ ಮೇಲೆ ಮನೆಮಂದಿಗೆಲ್ಲ ಒಂದು ಕಥೆ ಹೇಳಬೇಕು. ಆಗ ಕಾಯಿ ಹಣ್ಣಾಯಿತೆಂದು ಲೆಕ್ಕ.

ಇನ್ನೊಂದು ನಿಯಮ ಹಿರಿಯರಿಗೆ. ನಮ್ಮ ಕಾಯಿಗಳೂ ಹಾಸಿನ ಮೇಲಿರಬೇಕು. ಮಗು ಎಡವಿದ ಪದವನ್ನು ಮೆಲ್ಲನೆ ಹೇಳಿಕೊಟ್ಟು ಮುಂದೆ ಸಾಗಬೇಕೇ ಹೊರತು, ತಡೆದು ನಿಲ್ಲಿಸಿ ಪಾಠ ಹೇಳಬಾರದು. ಮೇಷ್ಟರಾದ ನನಗೆ ಪಾಲಿಸಲು ಅತ್ಯಂತ ಕಷ್ಟವಾದ ನಿಯಮವಿದು.

ಪುಸ್ತಕಗಳಿಗೆ ನಮ್ಮಲ್ಲಿ ಬರವಿಲ್ಲ. ಅಕ್ಷರದಲ್ಲಿ ಎಡವುವ ಮಗುವಿಗೆ ಪಂಜೆಯವರ, ರಾಜರತ್ನಂ ಅವರ ಶಿಶುಗೀತೆಗಳೇ ಊರುಗೋಲು; ಪ್ರಾಸವು ಮುಂದಿನ ಪದವನ್ನು ಕೈಹಿಡಿದು ಕರೆತರುತ್ತದೆ. ಬ್ರೌನಿಂಗ್ ಕವಿಯ ಕವನವನ್ನು ಆಧರಿಸಿ ಕುವೆಂಪು ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಗಟ್ಟಿಯಾಗಿಯೇ ಓದಬೇಕು. ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಹೆಸರಿನಲ್ಲಿಯೇ ರಜೆಯ ಯೋಜನೆಯನ್ನು ಅಡಗಿಸಿಕೊಂಡಿದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಸಚಿತ್ರ ಪುಸ್ತಕಗಳು ಒಳಸುತ್ತಿಗೆ ಹೇಳಿ ಮಾಡಿಸಿದಂಥವು. ಕೊಳ್ಳಲಾಗದವರಿಗೆ, 1965ರ ಕಾಯಿದೆಯಿಂದ ರೂಪುಗೊಂಡ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯಿದೆ. ಆಸ್ತಿತೆರಿಗೆಯೊಡನೆ ಗ್ರಂಥಾಲಯ ಕರವನ್ನು ತೆರುವ ನಾವು ಅದರ ಬಾಗಿಲನ್ನು ಎಷ್ಟು ಸಲ ದಾಟಿದ್ದೇವೆ?

ಬಹುಮಾನ ಬೇಡವೆ ಎಂದು ಕೇಳಬಹುದು. ರಜೆಯ ಕೊನೆಯಲ್ಲಿ ಗೆದ್ದವರನ್ನೂ ಸೋತವರನ್ನೂ ಪುಸ್ತಕದಂಗಡಿಗೆ ಕರೆದೊಯ್ದು, ಅವರು ಬಯಸಿದ ಒಂದು ಪುಸ್ತಕವನ್ನು ಕೊಡಿಸಿದರಾಯಿತು. ಅದು ಎಣಿಕೆಯ ಕೂಲಿಯಲ್ಲ, ಜೊತೆಗೂಡಿ ಆಡಿದ ನೆನಪು.

ನನ್ನ ಮೊಮ್ಮಗನ ಕಾಯಿ ಆ ಬೇಸಿಗೆಯಲ್ಲಿ ಹಣ್ಣಾಗಲಿಲ್ಲ. ಒಳಸುತ್ತಿನ ಮೂರನೆಯ ಮನೆಯಲ್ಲಿಯೇ ನಿಂತಿತು. ಆದರೆ ಊರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, ಎದುರಿನ ಹಲಗೆಯೊಂದರ ಮೇಲಿದ್ದ ‘ಸ್ವಾತಂತ್ರ್ಯ’ ಎಂಬ ಪದವನ್ನು ಎರಡು ಸಲ ತಡವರಿಸಿ, ಮೂರನೆಯ ಸಲ ಸರಿಯಾಗಿ ಓದಿದ. ನಾನು ಹೇಳಿಕೊಡಲಿಲ್ಲ, ಅವನು ಕೇಳಲೂ ಇಲ್ಲ. ಚೌಕಾಬಾರದ ರಟ್ಟನ್ನು ಮಡಿಚಿ ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಾನೆಂದು ಅವನ ಅಜ್ಜಿ ಆಮೇಲೆ ತಿಳಿಸಿದಳು.

(ಬಾನುಲಿ ಭಾಷಣ)