ಮುಕ್ಕಾಲು ಬೀಟಿನ ಪ್ರತಿಧ್ವನಿ: ದಿ ಎಡ್ಜ್ ಗಿಟಾರಿನ ಗುಟ್ಟು

ಐರ್ಲೆಂಡಿನ ಯು2 ತಂಡದ ‘ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ (1987) ಶುರುವಾದಾಗ ಇಬ್ಬರು ಗಿಟಾರ್ ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ನುಡಿಸುವವರು ಒಬ್ಬರೇ: ದಿ ಎಡ್ಜ್ ಎಂದು ಹೆಸರಾದ ಡೇವಿಡ್ ಇವಾನ್ಸ್. ಉಳಿದದ್ದು ಡಿಲೇ ಉಪಕರಣದ ಕೆಲಸ. ಈ ನಾದ ಬೇಕೆಂದು ದುಬಾರಿ ಗಿಟಾರ್, ಆಂಪ್ಲಿಫೈಯರ್ ಹುಡುಕುವವರು ಬಹಳ. ನನ್ನ ಪ್ರಕಾರ ಮೊದಲು ಸರಿಯಾಗಬೇಕಾದದ್ದು ಲೆಕ್ಕ.

ಡಿಲೇ ಪೆಡಲ್ ನುಡಿಸಿದ ಸ್ವರವನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿಸುತ್ತದೆ. ಎಷ್ಟು ಹೊತ್ತಿನ ಮೇಲೆ ಎಂಬುದು ‘ಟೈಮ್’, ಎಷ್ಟು ಸಲ ಎಂಬುದು ‘ಫೀಡ್‌ಬ್ಯಾಕ್’, ಎಷ್ಟು ಜೋರಾಗಿ ಎಂಬುದು ‘ಲೆವೆಲ್’ ಅಥವಾ ‘ಮಿಕ್ಸ್’.

ಎಡ್ಜ್ ಶೈಲಿಯ ಜೀವಾಳವೆಲ್ಲ ಟೈಮ್‌ನಲ್ಲಿದೆ. ಪ್ರತಿಧ್ವನಿ ಮುಕ್ಕಾಲು ಬೀಟಿಗೆ ಬರಬೇಕು. ಪಾಶ್ಚಾತ್ಯ ಸಂಗೀತಗಾರರು ಇದನ್ನು ಡಾಟೆಡ್ ಏಯ್ತ್ ಅನ್ನುತ್ತಾರೆ. ಚತುರಶ್ರ ನಡೆ ಬಲ್ಲವರಿಗೆ ಇದು ಸುಲಭ: ಬೀಟನ್ನು ‘ತಕದಿಮಿ’ ಎಂದು ನಾಲ್ಕು ಭಾಗ ಮಾಡಿದರೆ, ‘ತ’ಕ್ಕೆ ಮೀಟಿದ ಸ್ವರ ‘ಮಿ’ಗೆ ಮರಳುತ್ತದೆ. 45,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆಯಿಂದ) ಭಾಗಿಸಿದರೆ ಬೇಕಾದ ಮಿಲಿಸೆಕೆಂಡ್ ಸಿಗುತ್ತದೆ. 120 ಬಿಪಿಎಂಗೆ 375.

ಈಗ ಅದೇ 120ರಲ್ಲಿ ಬೀಟಿಗೆ ಎರಡರಂತೆ ಸ, ರಿ, ಗ, ಪ ನುಡಿಸಿ. ಎರಡು ಸ್ವರಗಳ ನಡುವಿನ ಅಂತರ 250 ಮಿಲಿಸೆಕೆಂಡ್. ‘ಸ’ದ ಪ್ರತಿಧ್ವನಿ 375ಕ್ಕೆ, ಅಂದರೆ ರಿ ಮತ್ತು ಗ ನಡುವಿನ ಖಾಲಿ ಜಾಗಕ್ಕೆ ಸರಿಯಾಗಿ ಬಂದು ಬೀಳುತ್ತದೆ. ‘ರಿ’ಯದ್ದು ಗ ಮತ್ತು ಪ ನಡುವೆ. ಕಿವಿಗೆ ಕೇಳಿಸುವುದು ಸ, ರಿ-ಸ, ಗ-ರಿ, ಪ-ಗ. ಕೈ ನುಡಿಸದೇ ಇದ್ದ ಸಾಲೊಂದು ಹೆಣೆದುಕೊಂಡು ಬಂತು! ಟೈಮ್ ಅರ್ಧ ಬೀಟಿಗೆ ಇಟ್ಟಿದ್ದರೆ ಪ್ರತಿಧ್ವನಿ ಮುಂದಿನ ಸ್ವರದ ಮೇಲೆಯೇ ಬಿದ್ದು ಈ ಹೆಣಿಗೆ ಮುಚ್ಚಿಹೋಗುತ್ತಿತ್ತು.

ಲೆವೆಲ್ ಅನ್ನು ಧೈರ್ಯವಾಗಿ ಏರಿಸಿ. ಪ್ರತಿಧ್ವನಿ ಮೂಲ ಸ್ವರಕ್ಕಿಂತ ತುಸು ಮಾತ್ರ ಮೆದುವಾಗಿದ್ದರೆ ಎರಡೂ ಸೇರಿ ಒಂದೇ ಸಾಲಾಗುತ್ತವೆ. ಫೀಡ್‌ಬ್ಯಾಕ್ ಎರಡು ಮೂರು ಸಲಕ್ಕೆ ಸಾಕು, ಹೆಚ್ಚಾದರೆ ಕಾರ್ಡ್ ಬದಲಾದಾಗ ಹಳೆಯ ಸ್ವರಗಳು ಅಡ್ಡ ಬರುತ್ತವೆ. ಪ್ರತಿಧ್ವನಿಗೆ ಚೂರು ಮಾಡ್ಯುಲೇಷನ್, ಅಂದರೆ ಸ್ವರದ ಸಣ್ಣ ಅಲುಗಾಟ, ಇರಲಿ. ‘ಬಾಯ್’ (1980) ಆಲ್ಬಮ್ಮಿನ ಕಾಲದಲ್ಲಿ ಎಡ್ಜ್ ಬಳಸಿದ ಮೆಮೊರಿ ಮ್ಯಾನ್ ಅನಲಾಗ್ ಪೆಡಲ್. ಅದರ ಪ್ರತಿಧ್ವನಿಯಲ್ಲಿ ಸಣ್ಣ ಅಲುಗಾಟವಿತ್ತು, ಚೂಪು ಕಡಿಮೆಯಿತ್ತು. ಆಮೇಲೆ ಬಂದ ಕಾರ್ಗ್ ಎಸ್‌ಡಿಡಿ-3000 ಡಿಜಿಟಲ್ ಆದರೂ ಅದರಲ್ಲಿಯೂ ಮಾಡ್ಯುಲೇಷನ್ ಇದೆ.

ಆ ಸಿಗ್ನಲ್ ಹೋಗಿ ಸೇರುವುದು ವಾಕ್ಸ್ ಎಸಿ30 ಆಂಪ್‌ಗೆ. ಅದು ಒಡೆಯುವ ಅಂಚಿನಲ್ಲಿರುತ್ತದೆ: ಗಟ್ಟಿಯಾಗಿ ಮೀಟಿದ್ದು ಸ್ವಲ್ಪ ಕರಕರ ಎನ್ನುತ್ತದೆ, ಹಿಂದೆ ಬರುವ ಮೆದು ಪ್ರತಿಧ್ವನಿ ಸ್ವಚ್ಛವಾಗಿ ಕೇಳುತ್ತದೆ. ಇಂಥ ಆಂಪ್ ಇಲ್ಲದವರು ಹಗುರವಾದ ಓವರ್‌ಡ್ರೈವ್ ಪೆಡಲನ್ನು ಡಿಲೇಗಿಂತ ಮೊದಲು ಜೋಡಿಸಲಿ. ಭಾರಿ ಡಿಸ್ಟಾರ್ಷನ್ನನ್ನು ಡಿಲೇಯ ನಂತರ ಇಟ್ಟರೆ ಸ್ವರಗಳೆಲ್ಲ ಕಲಸಿಹೋಗುತ್ತವೆ.

ಬಲಗೈ ಇಲ್ಲಿ ಬಹಳ ಮುಖ್ಯ. ಪೂರ್ತಿ ಕಾರ್ಡ್ ಬೇಡ; ಎರಡು ಮೂರು ತಂತಿ, ಅಂಗೈಯಂಚಿನಿಂದ ತುಸು ಅದುಮಿದ ಚುಟುಕು ಸ್ವರಗಳು ಸಾಕು. ಎಡ್ಜ್ ಬಳಸುವ ಹರ್ಡಿಮ್ ಪಿಕ್‌ನಲ್ಲಿ ಬೆರಳು ಜಾರದಿರಲೆಂದು ಗುಳಿಗಳಿವೆ. ಅವರು ಪಿಕ್ ತಿರುಗಿಸಿ ಆ ಒರಟು ಭಾಗವನ್ನೇ ತಂತಿಗೆ ತಾಗಿಸುತ್ತಾರೆ. ಆ ಪುಟ್ಟ ಕೆರೆತದ ಸದ್ದೂ ಪ್ರತಿಧ್ವನಿಯಲ್ಲಿ ಮರುಕಳಿಸಿ, ತಾಳವಾದ್ಯದ ಕೆಲಸ ಮಾಡುತ್ತದೆ.

ತಂಡದಲ್ಲಿ ನುಡಿಸುವಾಗ ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಇರಬೇಕು. ಪೆಡಲ್ ಯಾರಿಗೂ ಕಾಯುವುದಿಲ್ಲ, ಲಯ ಸ್ವಲ್ಪ ಓಡಿದರೂ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಪೆಡಲ್ ಕೊಳ್ಳುವಾಗ ಮಿಲಿಸೆಕೆಂಡ್ ತೋರಿಸುವುದನ್ನೋ, ಡಾಟೆಡ್ ಏಯ್ತ್ ಆಯ್ಕೆಯಿರುವ ಟ್ಯಾಪ್ ಟೆಂಪೊ ಪೆಡಲನ್ನೋ ಆರಿಸಿ. ಬರೀ ಟ್ಯಾಪ್ ಇದ್ದರೆ ಬೀಟಿಗೆ ತಟ್ಟಿದಾಗ ಪೂರ್ತಿ ಬೀಟಿನ ಡಿಲೇ ಬರುತ್ತದೆ, ಮುಕ್ಕಾಲಿನದ್ದಲ್ಲ.