ಎರಡು ತೋಟ, ಒಂದೇ ಬೋರ್‌ವೆಲ್: ವೈರ್‌ಲೆಸ್ ಚಿಪ್‌ನ ಕ್ಲಾಕ್ ಕಥೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಅಣ್ಣತಮ್ಮಂದಿರಿಗೆ ತೆಂಗಿನ ತೋಟ ಭಾಗ ಆದ್ರೂ ಬೋರ್‌ವೆಲ್ ಒಂದೇ ಇರೋದುಂಟು. ಅಣ್ಣ ತನ್ನ ತೋಟಕ್ಕೆ ನೀರಾಯ್ತು ಅಂತ ಮೋಟಾರ್ ಆಫ್ ಮಾಡಿದ್ರೆ ತಮ್ಮನ ಮರಗಳಿಗೆ ನೀರು ನಿಲ್ಲುತ್ತೆ. ವೈರ್‌ಲೆಸ್ ಚಿಪ್‌ಗಳ ಕ್ಲಾಕ್‌ನಲ್ಲೂ ಇದೇ ತಕರಾರು.

2016ರಲ್ಲಿ ಬಂದ ರಾಸ್ಪ್‌ಬೆರಿ ಪೈ 3 ತಗೊಳ್ಳಿ. ವೈಫೈ, ಬ್ಲೂಟೂತ್ ಎರಡೂ ಬಿಸಿಎಂ43438 ಅನ್ನೋ ಒಂದೇ ಚಿಪ್‌ನಲ್ಲಿವೆ. ಆದರೆ ಪ್ರೊಸೆಸರ್ ಜೊತೆ ವೈಫೈ ಮಾತಾಡೋದು ಎಸ್‌ಡಿಐಒ ಮೂಲಕ, ಬ್ಲೂಟೂತ್ ಯುಎಆರ್‌ಟಿ ಮೂಲಕ. ಲಿನಕ್ಸ್ ಕಣ್ಣಿಗೆ ಇವು ಎರಡು ಸಾಧನ, ಎರಡು ಡ್ರೈವರ್.

ಇಂಥ ಚಿಪ್‌ಗಳು ನಿದ್ದೆ ಮಾಡುವಾಗ ಮೆಗಾಹರ್ಟ್ಸ್ ವೇಗದ ಕ್ಲಾಕ್ ನಿಲ್ಲಿಸಿ, 32.768 ಕಿಲೋಹರ್ಟ್ಸ್‌ನ ನಿಧಾನ ಕ್ಲಾಕ್ ಇಟ್ಟುಕೊಂಡು ಸಮಯ ಎಣಿಸುತ್ತವೆ. ಯಾಕಂದ್ರೆ ರೂಟರ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಕಳಿಸೋ ಬೀಕನ್ ಹೊತ್ತಿಗೆ ಎದ್ದಿರಬೇಕು. 32,768 ಅಂದ್ರೆ 2ರ 15ನೇ ಘಾತ. 15 ಫ್ಲಿಪ್‌ಫ್ಲಾಪ್ ದಾಟಿದರೆ ಸರಿಯಾಗಿ ಒಂದು ಸೆಕೆಂಡ್.

ಯುಎಸ್‌ಬಿ ಸಾಧನ ತಾನು ಯಾರು ಅಂತ ತಾನೇ ಹೇಳುತ್ತೆ. ಕ್ಲಾಕ್ ತಂತಿ ಹೇಳಲ್ಲ. ಅದನ್ನು ನಾವೇ ಡಿವೈಸ್ ಟ್ರೀಯಲ್ಲಿ ಬರೆಯಬೇಕು. ಹೇಗೆ ಬರೆಯಬೇಕು ಅನ್ನೋ ನಿಯಮವೇ ಬೈಂಡಿಂಗ್. ‘ಕ್ಲಾಕ್ಸ್’ ಅನ್ನೋ ಸಾಲು ಕ್ಲಾಕ್ ಎಲ್ಲಿಂದ ಬರುತ್ತೆ ಅಂತ ಹೇಳಿದರೆ, ‘ಕ್ಲಾಕ್-ನೇಮ್ಸ್’ ಅದರ ಕೆಲಸ ಹೇಳುತ್ತೆ. ಬ್ರಾಡ್‌ಕಾಮ್ ಬ್ಲೂಟೂತ್ ಬೈಂಡಿಂಗ್‌ನಲ್ಲಿ ಈ ನಿಧಾನ ಕ್ಲಾಕ್‌ನ ಹೆಸರು ‘ಎಲ್‌ಪಿಒ’.

ಹಂಚಿಕೊಂಡ ಕ್ಲಾಕ್ ಆದರೆ ಎರಡೂ ನೋಡ್‌ಗಳಲ್ಲಿ ಅದೇ ಮೂಲ ಬರೆಯಬೇಕು. ಒಬ್ಬೊಬ್ಬ ಡ್ರೈವರ್ ಕೇಳಿದಾಗಲೂ ಕರ್ನಲ್ ಲೆಕ್ಕಕ್ಕೆ ಒಂದು ಕೂಡಿಸುತ್ತೆ, ಬಿಟ್ಟಾಗ ಒಂದು ಕಳೆಯುತ್ತೆ. ಸೊನ್ನೆ ಆದಾಗ ಮಾತ್ರ ಕ್ಲಾಕ್ ಬಂದ್. ಬ್ಲೂಟೂತ್ ನೋಡ್‌ನಲ್ಲಿ ಮಾತ್ರ ಬರೆದಿದ್ರೆ? ಬ್ಲೂಟೂತ್ ಆಫ್ ಆದ ಕೂಡಲೇ ಲೆಕ್ಕ ಸೊನ್ನೆ. ವೈಫೈ ಕಾಲ ತಪ್ಪುತ್ತೆ. ಎರಡರಲ್ಲೂ ಬರೆಯದಿದ್ರೆ, ಬೂಟ್ ಮುಗಿಯೋ ಹೊತ್ತಿಗೆ ಕರ್ನಲ್ ‘ಯಾರೂ ಬಳಸ್ತಿಲ್ಲ’ ಅಂತ ಅದನ್ನು ನಿಲ್ಲಿಸಬಹುದು.

ಅನುಮಾನ ಬಂದ್ರೆ ಡೀಬಗ್‌ಎಫ್‌ಎಸ್ ಒಳಗಿನ ‘ಸಿಎಲ್‌ಕೆ_ಸಮರಿ’ ಫೈಲ್ ತೆರೆದು ಎನೇಬಲ್ ಲೆಕ್ಕ ನೋಡಿ. ಬೂಟ್ ಸಾಲಿಗೆ ‘ಸಿಎಲ್‌ಕೆ_ಇಗ್ನೋರ್_ಅನ್‌ಯೂಸ್ಡ್’ ಸೇರಿಸಿದಾಗ ವೈಫೈ ಸರಿಹೋದರೆ, ಬರೆಯದೇ ಬಿಟ್ಟ ಕ್ಲಾಕ್ ಮೇಲೆ ಅನುಮಾನ ಪಡಬಹುದು. ಆದರೆ ಅದನ್ನೇ ಪರಿಹಾರ ಅಂತ ಬಿಡಬೇಡಿ. ಬೇಡದ ಕ್ಲಾಕ್‌ಗಳೂ ಓಡ್ತಾ ಬ್ಯಾಟರಿ ತಿನ್ನುತ್ತವೆ.

ನಾಳೆ ನಾವು ತೆಂಗಿನ ತೋಟದಲ್ಲಿ ತೇವಾಂಶ ಅಳೆಯೋ ಪೆಟ್ಟಿಗೆ ಇಟ್ಟರೆ, ಅದು ಮಾತು ನಿಲ್ಲಿಸಿದಾಗ ಆಂಟೆನಾ ಬದಲಿಸೋ ಮೊದಲು ಆ ಒಂದು ಸಾಲು ಇದೆಯಾ ನೋಡೋಣ.