ವಿಮಾನ ಬಿತ್ತು, ಕಾರಣ ಆಗಲೇ ಗೊತ್ತಾಯ್ತಾ?

ಇವತ್ತಿನ ಪ್ರಶ್ನೆ ಚಿಕ್ಕದು. ವಿಮಾನ ಬಿದ್ದ ಒಂದೇ ಗಂಟೆಯಲ್ಲಿ "ಕಾರಣ ಇದೇ" ಅಂತ ಫಾರ್ವರ್ಡ್ ಬಂದ್ರೆ ನಂಬಬಹುದಾ?

1997ರ ಅಕ್ಟೋಬರ್ 12. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಪೆಸಿಫಿಕ್ ಗ್ರೋವ್ ಊರಿನ ಹತ್ತಿರ ಒಂದು ಪುಟ್ಟ ವಿಮಾನ ಸಮುದ್ರಕ್ಕೆ ಬಿತ್ತು. ಓಡಿಸ್ತಿದ್ದವರು ಖ್ಯಾತ ಗಾಯಕ ಜಾನ್ ಡೆನ್ವರ್. ವಯಸ್ಸು 53. ಅದು 'ಲಾಂಗ್-ಈಝೀ', ಅಂದ್ರೆ ಬರ್ಟ್ ರುಟಾನ್ ಅವರ ನಕ್ಷೆ ನೋಡಿ ಹವ್ಯಾಸಿಗಳು ತಾವೇ ಕಟ್ಟಿಕೊಳ್ಳೋ ವಿಮಾನ. ಬೇರೊಬ್ಬರು ಕಟ್ಟಿದ್ದನ್ನ ಡೆನ್ವರ್ ಆಗಷ್ಟೇ ಕೊಂಡಿದ್ದರು.

ಅವತ್ತು ಊಹೆ ಮಾಡೋದು ಬಹಳ ಸುಲಭ ಇತ್ತು. ಅವರು ಹಿಂದೆ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದಿದ್ದರು. ವಿಮಾನ ಓಡಿಸೋಕೆ ಬೇಕಾದ ಮಾನ್ಯ ವೈದ್ಯಕೀಯ ಪ್ರಮಾಣಪತ್ರವೂ ಇರಲಿಲ್ಲ. ಎರಡೂ ನಿಜ. ಎರಡನ್ನೂ ಕೂಡಿಸಿದ್ರೆ "ಕುಡಿದಿದ್ದರು" ಅನ್ನೋ ಉತ್ತರ ರೆಡಿ. ಆದರೆ ಪರೀಕ್ಷೆಯಲ್ಲಿ ಮದ್ಯವೂ ಸಿಗಲಿಲ್ಲ, ಮಾದಕ ವಸ್ತುವೂ ಸಿಗಲಿಲ್ಲ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಂದ್ರೆ ಎನ್‌ಟಿಎಸ್‌ಬಿ, ತನ್ನ ತೀರ್ಮಾನ ಹೇಳಿದ್ದು 1999ರ ಜನವರಿಯಲ್ಲಿ. ಸುಮಾರು 15 ತಿಂಗಳು ಬೇಕಾಯ್ತು. ಇಂಧನ ಕಡಿಮೆ ಇತ್ತು, ಹೊರಡೋ ಮುಂಚೆ ತುಂಬಿಸಿರಲಿಲ್ಲ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸೋ ಹಿಡಿಕೆಯನ್ನ ಕಟ್ಟಿದವರು ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡಭುಜದ ಹಿಂದೆ ಇಟ್ಟಿದ್ದರು. ಅದನ್ನ ಹಿಡಿಯೋಕೆ ತಿರುಗಿದಾಗ ಗೊತ್ತಿಲ್ಲದೇ ಕಾಲು ಬಲಗಡೆಯ ರಡ್ಡರ್ ಪೆಡಲ್ ಒತ್ತಿತು, ನಿಯಂತ್ರಣ ತಪ್ಪಿತು. 2,700 ಗಂಟೆಗೂ ಹೆಚ್ಚು ಹಾರಿದ್ದ ಪೈಲಟ್, ಆದರೆ ಈ ಮಾದರಿಯಲ್ಲಿ ಅನುಭವ ತೀರಾ ಕಡಿಮೆ.

ಇಲ್ಲೇ ಪಾಯಿಂಟ್ ಇರೋದು. ಮನೆಯಲ್ಲಿ ಕಟ್ಟಿದ ವಿಮಾನ ಒಂದರಂತೆ ಇನ್ನೊಂದು ಇರಲ್ಲ. "ಲಾಂಗ್-ಈಝೀ ನನಗೆ ಚೆನ್ನಾಗಿ ಗೊತ್ತು" ಅನ್ನೋರಿಗೂ ಆ ಹಿಡಿಕೆ ಎಲ್ಲಿತ್ತು ಅಂತ ಗೊತ್ತಿರಲ್ಲ. ಅವಶೇಷ ನೋಡಬೇಕು, ದಾಖಲೆ ತೆಗೀಬೇಕು, ಹಿಂದಿನ ದಿನ ಜೊತೆಗಿದ್ದವರನ್ನ ಮಾತಾಡಿಸಬೇಕು.

ನಾನು ಬಿಕಾಂ ಓದಿದವನು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ಕ್ಯಾಷಿಯರ್ ಕಳ್ಳ ಅಂತ ಮೊದಲೇ ಬರೆದುಬಿಡಲ್ಲ, ಒಂದೊಂದೇ ವೋಚರ್ ನೋಡ್ತೀವಿ. ಹಾಗೆ ಬರೆದುಬಿಟ್ರೆ ಒಬ್ಬನ ಹೆಸರು ಹಾಳು, ನಿಜವಾದ ತಪ್ಪು ಮಾತ್ರ ಪುಸ್ತಕದಲ್ಲೇ ಉಳಿಯುತ್ತೆ.

ಇಲ್ಲೂ ಅಷ್ಟೇ. "ಕುಡಿದಿದ್ದ" ಅಂತ ಕಥೆ ಮುಗಿಸಿದ್ದರೆ ಆ ಹಿಡಿಕೆಯ ಪಾಠ ಯಾರಿಗೂ ಸಿಗ್ತಿರಲಿಲ್ಲ. ಕೈಗೆ ಎಟುಕದ ಹಿಡಿಕೆ ಇಟ್ಟುಕೊಂಡ ಇನ್ನೊಬ್ಬ ಪೈಲಟ್ "ನಾನು ಕುಡಿಯಲ್ವಲ್ಲ" ಅಂತ ನಿಶ್ಚಿಂತೆಯಿಂದ ಹಾರುತ್ತಿದ್ದ.

ಹಾಗಾದ್ರೆ ಬಾಯಿ ಮುಚ್ಕೊಂಡಿರಬೇಕಾ? ಬೇಡ. ಎಲ್ಲಿ, ಯಾವಾಗ, ಯಾವ ವಿಮಾನ, ತನಿಖೆ ಯಾರದ್ದು, ಇದನ್ನೆಲ್ಲ ಮಾತಾಡಿ. "ಯಾಕೆ" ಅನ್ನೋದಕ್ಕೆ ಮಾತ್ರ ವರದಿ ಬರಲಿ. ಮುಂದಿನ ಸಲ ಅಂಥ ಫಾರ್ವರ್ಡ್ ಬಂದಾಗ, ಇದನ್ನ ಹೇಳ್ತಿರೋರು ಅವಶೇಷ ನೋಡಿದಾರಾ ಅಂತ ಕೇಳ್ಕೊಳ್ಳಿ. ಇಲ್ಲ ಅಂದ್ರೆ ಅದು ನಿಮ್ಮ ಫೋನಲ್ಲೇ ನಿಲ್ಲಲಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.